ಮಿನುಗುವ ನಿರ್ವಾತ ಡಿಸ್‌ಪ್ಲೇ (ವಿಎಫ್‌ಡಿ): ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ವಿಸಿಆರ್, ಡಿವಿಡಿ ಪ್ಲೇಯರ್, ಕ್ಯಾಸೆಟ್ ಡೆಕ್, ಮೈಕ್ರೋವೇವ್ ಓವನ್, ಅಂಗಡಿಯ ಬಿಲ್ಲಿಂಗ್ ಯಂತ್ರ. ಇವುಗಳ ಮುಂಭಾಗದಲ್ಲಿ ತಿಳಿ ನೀಲಿಹಸಿರು ಬೆಳಕಿನ ಅಂಕಿಗಳನ್ನು ತೋರಿಸುವ ಗಾಜಿನ ಪಟ್ಟಿಗೆ ವ್ಯಾಕ್ಯೂಮ್ ಫ್ಲೋರೊಸೆಂಟ್ ಡಿಸ್‌ಪ್ಲೇ ಎಂದು ಹೆಸರು, ಚಿಕ್ಕದಾಗಿ ವಿಎಫ್‌ಡಿ. ಅಂಕಿ ಮಬ್ಬಾದ ಕೂಡಲೇ "ಟ್ಯೂಬ್ ಹೋಯ್ತು" ಎಂದು ಇಡೀ ಯಂತ್ರವನ್ನೇ ಗುಜರಿಗೆ ಹಾಕುವವರು ಬಹಳ. ಆದರೆ ಬಹುತೇಕ ಸಲ ಟ್ಯೂಬ್ ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೆ ಕರೆಂಟು ಕೊಡುವ ಕಡೆ ದೋಷವಿರುತ್ತದೆ. ಬಿಸಾಡುವ ಮೊದಲು ಒಮ್ಮೆ ಇದನ್ನು ಓದಿ. ಇಂಥ ಟ್ಯೂಬಿನಿಂದ ತಾವೇ ಗಡಿಯಾರ ಕಟ್ಟುವವರ ಪ್ರಶ್ನೆಗಳೂ ಇಲ್ಲಿವೆ.

ಒಳಗೆ ಬೆಳಕು ಹುಟ್ಟುವುದು ಹೇಗೆ?

ಗಾಳಿಯನ್ನೆಲ್ಲ ಹೊರತೆಗೆದು ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಮೂರು ಭಾಗಗಳಿವೆ. ನೋಡುವವರ ಕಡೆಗೆ, ಎಲ್ಲಕ್ಕಿಂತ ಮುಂದೆ, ಕೂದಲಿಗಿಂತ ತೆಳುವಾದ ಟಂಗ್‌ಸ್ಟನ್ ತಂತಿಗಳು. ಇದೇ ಫಿಲಮೆಂಟ್, ಇದೇ ಕ್ಯಾಥೋಡ್. ಅದರ ಹಿಂದೆ ಜರಡಿಯಂಥ ಲೋಹದ ಬಲೆ, ಅದು ಗ್ರಿಡ್. ಅದರ ಹಿಂದೆ ಗಾಜಿನ ತಳದ ಮೇಲೆ ಅಂಕಿಯ ಗೆರೆಗಳ ಆಕಾರದಲ್ಲಿ ಬಳಿದ ಫಾಸ್ಫರ್ ಪುಡಿ, ಅದು ಆನೋಡ್.

ಫಿಲಮೆಂಟಿನ ಮೇಲೆ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ ಆಕ್ಸೈಡುಗಳ ಲೇಪನವಿದೆ. ಸುಮಾರು 600ರಿಂದ 650 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಈ ಲೇಪನದಿಂದ ಎಲೆಕ್ಟ್ರಾನುಗಳು ಆವಿಯಂತೆ ಹೊರಬರುತ್ತವೆ. ಗ್ರಿಡ್ಡಿಗೂ ಆನೋಡಿಗೂ ಪ್ಲಸ್ ವೋಲ್ಟೇಜು ಕೊಟ್ಟರೆ ಅವು ಬಲೆಯ ತೂತುಗಳ ಮೂಲಕ ನುಗ್ಗಿ ಫಾಸ್ಫರಿಗೆ ಬಡಿಯುತ್ತವೆ. ಬಡಿದ ಜಾಗ ಬೆಳಗುತ್ತದೆ. ಗ್ರಿಡ್ಡನ್ನು ಕ್ಯಾಥೋಡಿಗಿಂತ ಮೈನಸ್ ಮಾಡಿದರೆ ಎಲೆಕ್ಟ್ರಾನುಗಳು ಬಲೆಯನ್ನು ದಾಟುವುದಿಲ್ಲ, ಅಂಕಿ ಕತ್ತಲಾಗುತ್ತದೆ. ಬೆಳಕು ಕಾಣಬೇಕಾದರೆ ಗ್ರಿಡ್ ಮತ್ತು ಆನೋಡ್ ಎರಡೂ ಪ್ಲಸ್ ಇರಬೇಕು. ಈ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಮುಂದಿನ ಎಷ್ಟೋ ಉತ್ತರಗಳು ಇದರ ಮೇಲೆಯೇ ನಿಂತಿವೆ.

ಕಪ್ಪುಬಿಳುಪು ಟಿವಿಯ ಪಿಕ್ಚರ್ ಟ್ಯೂಬಿಗೆ ಹತ್ತು ಸಾವಿರಕ್ಕೂ ಹೆಚ್ಚು ವೋಲ್ಟ್ ಬೇಕು. ಇದಕ್ಕೆ 25 ವೋಲ್ಟ್ ಹೇಗೆ ಸಾಲುತ್ತದೆ?

ಫಾಸ್ಫರಿನ ಗುಣ ಅದು. ಇಲ್ಲಿ ಬಳಸುವುದು ಜಿಂಕ್ ಆಕ್ಸೈಡ್. ಅದರಲ್ಲಿ ಜಿಂಕ್ ತುಸು ಹೆಚ್ಚಿರುವಂತೆ ತಯಾರಿಸುತ್ತಾರೆ. ಬಹುಪಾಲು ಫಾಸ್ಫರುಗಳು ವಿದ್ಯುತ್ ಹರಿಯಬಿಡುವುದಿಲ್ಲ. ನಿಧಾನವಾದ ಎಲೆಕ್ಟ್ರಾನು ಬಂದು ಕೂತರೆ ಅಲ್ಲೇ ಉಳಿದು, ಮುಂದೆ ಬರುವವನ್ನು ಹಿಂದಕ್ಕೆ ತಳ್ಳುತ್ತದೆ. ಈ ಜಿಂಕ್ ಆಕ್ಸೈಡ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಹೀಗಾಗಿ ಕೆಲವೇ ವೋಲ್ಟಿನಲ್ಲಿ ಮಿನುಗಲು ಶುರುಮಾಡಿ, 12ರಿಂದ 50 ವೋಲ್ಟಿನೊಳಗೆ ಚೆನ್ನಾಗಿ ಬೆಳಗುತ್ತದೆ.

ಬೆಳಕಿನ ಶಿಖರ 505 ನ್ಯಾನೋಮೀಟರಿನ ಆಸುಪಾಸು, ಆದರೆ ಹರವು ದೊಡ್ಡದು: ನೀಲಿಯಿಂದ ಹಳದಿ, ಕಿತ್ತಳೆಯ ಅಂಚಿನವರೆಗೂ ಸ್ವಲ್ಪಸ್ವಲ್ಪ ಇದೆ. ಅದಕ್ಕೇ ಮುಂದೆ ಹಸಿರು ಹಾಳೆ ಇಟ್ಟರೆ ಹಸಿರು, ನೀಲಿ ಹಾಳೆ ಇಟ್ಟರೆ ನೀಲಿ ಕಾಣುತ್ತದೆ. ಎಲ್‌ಇಡಿಯ ಚುಚ್ಚುವ ಬೆಳಕಿಗಿಂತ ಇದು ಕಣ್ಣಿಗೆ ತಂಪಾಗಿ ಕಾಣಲು ಈ ಹರವೂ ಒಂದು ಕಾರಣ.

ಭೂತಗನ್ನಡಿ ಹಿಡಿದು ನೋಡಿದರೆ ಏನೇನು ಕಾಣಬೇಕು?

ನೋಡಲೇಬೇಕಾದದ್ದು. ಯಂತ್ರ ಆಫ್ ಇರುವಾಗ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಡಿ. ಉದ್ದುದ್ದ ಎಳೆದ ಎರಡೋ ನಾಲ್ಕೋ ತಂತಿಗಳು ಜೇಡನ ಎಳೆಯಂತೆ ಹೊಳೆಯುತ್ತವೆ. ಒಂದು ತುದಿಯಲ್ಲಿ ಅವನ್ನು ತೆಳು ಲೋಹದ ಸ್ಪ್ರಿಂಗ್ ಹಿಡಿದಿರುತ್ತದೆ. ಕಾದಾಗ ತಂತಿ ಉದ್ದವಾಗಿ ಜೋಲುತ್ತದೆ. ಸ್ಪ್ರಿಂಗ್ ಅದನ್ನು ಎಳೆದು ನೇರ ಇಡುತ್ತದೆ. ತಂತಿಯ ಕೆಳಗೆ ಜೇನುಗೂಡಿನ ಆಕಾರದ ಬಲೆ, ಅಂಕಿಗೊಂದರಂತೆ ಬೇರೆಬೇರೆ ತುಂಡು. ಅದರ ಕೆಳಗೆ ಬಿಳಿ ಪುಡಿಯ ಗೆರೆಗಳು.

ಗಾಜಿನ ಮೂಲೆಯಲ್ಲೋ ಹಿಂಬದಿಯಲ್ಲೋ ಬೆಳ್ಳಿಯಂತೆ ಹೊಳೆಯುವ ಇಲ್ಲವೇ ಕಪ್ಪಗಿನ ಒಂದು ಮಚ್ಚೆ ಇರುತ್ತದೆ. ಅದು ಗೆಟರ್. ಗಾಳಿ ತೆಗೆದು ಮುಚ್ಚಿದ ಮೇಲೆ ಬೇರಿಯಂ ಲೋಹವನ್ನು ಒಳಗೇ ಆವಿ ಮಾಡಿ ಗಾಜಿಗೆ ಹಿಡಿಸಿರುತ್ತಾರೆ. ಅಳಿದುಳಿದ ಅನಿಲವನ್ನು ಅದು ಹೀರಿಕೊಳ್ಳುತ್ತದೆ. ಮಚ್ಚೆ ಹೊಳೆಯುತ್ತಿದ್ದರೆ ನಿರ್ವಾತ ಸರಿಯಿದೆ. ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಗಾಳಿ ಒಳಹೊಕ್ಕಿದೆ. ಆ ಟ್ಯೂಬಿಗೆ ಮದ್ದಿಲ್ಲ. ಮೀಟರು ಕೈಗೆತ್ತಿಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆ ಇದೇ.

ಹಾಗಾದರೆ ಇದೂ ಒಂದು ವಾಲ್ವ್ ತಾನೇ?

ಹೌದು, ಹಳೆಯ ರೇಡಿಯೋಗಳಲ್ಲಿದ್ದ ನಿರ್ವಾತ ಟ್ಯೂಬುಗಳ (ವಾಲ್ವ್) ಜಾತಿಯದೇ, ಅಪ್ಪಟ ಟ್ರಯೋಡ್. ಕ್ಯಾಥೋಡ್, ಗ್ರಿಡ್, ಆನೋಡ್ ಮೂರೂ ಇವೆ. ಕೋರ್ಗ್ ಮತ್ತು ನೊರಿಟಾಕೆ ಇಟ್ರಾನ್ ಕಂಪನಿಗಳು 2015ರಲ್ಲಿ ಹೊರತಂದ "ನ್ಯೂಟ್ಯೂಬ್" ಎಂಬ ಆಡಿಯೋ ವಾಲ್ವನ್ನು ಇದೇ ವಿಧಾನದಲ್ಲಿ ಮಾಡಿದ್ದು. ಅದರ ಫಿಲಮೆಂಟಿಗೆ 0.7 ವೋಲ್ಟ್, 17 ಮಿಲಿಆಂಪ್ ಸಾಕು. ಆನೋಡುಗಳು ನೀಲಿಹಸಿರಾಗಿ ಬೆಳಗುತ್ತವೆ.

ಇದು ಎಲ್ಲಿಂದ ಬಂತು?

ಜಪಾನಿನಿಂದ. ಇಸೆ ಎಲೆಕ್ಟ್ರಾನಿಕ್ಸ್ ಕಂಪನಿಯ ತದಾಶಿ ನಕಮುರಾ 1960ರ ದಶಕದ ನಡುವಿನಲ್ಲಿ ರೂಪಿಸಿದ್ದು. 1967ರ ಹೊತ್ತಿಗೆ ಒಂದೊಂದು ಅಂಕಿಯ ಗಾಜಿನ ಟ್ಯೂಬುಗಳು ಕ್ಯಾಲ್ಕುಲೇಟರುಗಳಿಗೆ ಬಂದವು. ಆಗ ಚಾಲ್ತಿಯಲ್ಲಿದ್ದ ನಿಕ್ಸಿ ಎಂಬ ಅಂಕಿ ಟ್ಯೂಬಿಗೆ 170 ವೋಲ್ಟಿನಷ್ಟು ಬೇಕಿತ್ತು. ಹೊಸ ಟ್ರಾನ್ಸಿಸ್ಟರ್ ಸರ್ಕ್ಯೂಟುಗಳಿಗೆ ಅದು ಭಾರ. 1969ರ ಶಾರ್ಪ್ ಕ್ಯೂಟಿ-8ಡಿ ಕ್ಯಾಲ್ಕುಲೇಟರಿನಲ್ಲಿ ಈ ಟ್ಯೂಬುಗಳದೇ ಅಂಕಿ: ಕೈಬರಹದಂತೆ ದುಂಡಗೆ, ಸೊನ್ನೆ ಮಾತ್ರ ಅರ್ಧ ಎತ್ತರ. ಸೋವಿಯತ್ ಒಕ್ಕೂಟದಲ್ಲೂ ಐವಿ ಸರಣಿಯ ಟ್ಯೂಬುಗಳು ದೊಡ್ಡ ಪ್ರಮಾಣದಲ್ಲಿ ತಯಾರಾದವು. ಈಗ ಹವ್ಯಾಸಿಗಳ ಗಡಿಯಾರಗಳಲ್ಲಿ ಕಾಣುವ ಐವಿ-6, ಐವಿ-11, ಐವಿ-18 ಅಲ್ಲಿನವೇ.

ನಿಕ್ಸಿ, ಮ್ಯಾಜಿಕ್ ಐ, ವಿಎಫ್‌ಡಿ: ಗುರುತಿಸುವುದು ಹೇಗೆ?

ಬಣ್ಣ ನೋಡಿದರೇ ಅರ್ಧ ತಿಳಿಯುತ್ತದೆ. ನಿಕ್ಸಿಯದು ಕೆಂಡದ ಕಿತ್ತಳೆ. ಅಂಕಿಗಳು ಒಂದರ ಹಿಂದೊಂದು ಪೂರ್ತಿ ಆಕಾರದ ತಂತಿಗಳಾಗಿ ನಿಂತಿರುತ್ತವೆ. ಒಳಗೆ ನಿಯಾನ್ ಅನಿಲವಿದೆ, ಕಾಯುವ ಫಿಲಮೆಂಟ್ ಇಲ್ಲ. ಆದ್ದರಿಂದ ಅದನ್ನು ನಿರ್ವಾತ ಟ್ಯೂಬ್ ಎನ್ನುವುದು ತಪ್ಪು.

ಮ್ಯಾಜಿಕ್ ಐ ಎಂದರೆ ಹಳೆಯ ವಾಲ್ವ್ ರೇಡಿಯೋದ ಹಸಿರು ಕಣ್ಣು. ಸ್ಟೇಷನ್ ಸರಿಯಾಗಿ ಹಿಡಿದಾಗ ನೆರಳು ಕಿರಿದಾಗುತ್ತದೆ. ಅದು ನಿಜವಾದ ನಿರ್ವಾತ ಟ್ಯೂಬೇ, ಆದರೆ ಕೇಳುವುದು 250 ವೋಲ್ಟಿನ ಆಸುಪಾಸು. ನಿಕ್ಸಿಗೆ ಮತ್ತು ಮ್ಯಾಜಿಕ್ ಐಗೆ ಕೈ ಹಾಕುವಾಗ ಶಾಕಿನ ಭಯ ನಿಜವಾದದ್ದು. ವಿಎಫ್‌ಡಿಯ ಕಾಲುಗಳಲ್ಲಿ ಅಷ್ಟಿಲ್ಲ, ಆದರೆ ಅದಕ್ಕೆ ಕರೆಂಟು ಕೊಡುವ ಪವರ್ ಸಪ್ಲೈಯಲ್ಲಿ ಇದೆ. ಆ ವಿಷಯ ಮುಂದೆ ಬರುತ್ತದೆ.

ಫಿಲಮೆಂಟಿಗೆ ಎಷ್ಟು ವೋಲ್ಟ್ ಕೊಡಬೇಕು?

ಡೇಟಾಶೀಟು (ತಯಾರಕರ ವಿವರಪಟ್ಟಿ) ಹೇಳಿದಷ್ಟು, ಹೆಚ್ಚುಕಡಿಮೆ ಶೇಕಡಾ 10ರ ಒಳಗೆ. ಟ್ಯೂಬಿನ ಆಯಸ್ಸು ಇರುವುದೇ ಇಲ್ಲಿ. ಸಾಮಾನ್ಯವಾಗಿ ಸಿಗುವವು:

ಐವಿ-3: 0.85 ವೋಲ್ಟ್, 50 ಮಿಲಿಆಂಪ್
ಐವಿ-6: 1 ವೋಲ್ಟ್, 50 ಮಿಲಿಆಂಪ್
ಐವಿ-11: 1.5 ವೋಲ್ಟ್, 100 ಮಿಲಿಆಂಪ್
ಐವಿ-18: 5 ವೋಲ್ಟ್, 85 ಮಿಲಿಆಂಪ್

ಜಾಸ್ತಿ ಕೊಟ್ಟರೆ ಲೇಪನ ಆವಿಯಾಗಿ ಫಾಸ್ಫರಿನ ಮೇಲೆ ಕೂರುತ್ತದೆ. ಎರಡು ಕಡೆಯಿಂದಲೂ ನಷ್ಟ. ಕಡಿಮೆ ಕೊಟ್ಟರೆ ಒಳ್ಳೆಯದೆಂದು ಕೆಲವರು ತಿಳಿದಿದ್ದಾರೆ, ಅದೂ ತಪ್ಪು. ತಣ್ಣಗಿನ ಕ್ಯಾಥೋಡಿನಿಂದ ಬಲವಂತವಾಗಿ ಎಲೆಕ್ಟ್ರಾನು ಎಳೆದರೆ ಲೇಪನ ಕೆಡುತ್ತದೆ. ಅಂಕಿಯಲ್ಲಿ ಅಲ್ಲಲ್ಲಿ ಮಬ್ಬು ತೇಪೆಗಳು ಕಾಣುತ್ತವೆ. ಬೆಳಕು ತಗ್ಗಿಸಬೇಕಿದ್ದರೆ ಗ್ರಿಡ್ ಆನ್ ಇರುವ ಸಮಯವನ್ನು ಕಡಿಮೆ ಮಾಡಿ. ಫಿಲಮೆಂಟನ್ನು ಮುಟ್ಟಬೇಡಿ.

ಡೇಟಾಶೀಟ್ ಸಿಗದಿದ್ದರೆ ಕಣ್ಣೇ ಮೀಟರು. ಕತ್ತಲ ಕೋಣೆಯಲ್ಲಿ ತಂತಿ ಕೆಂಪಗೆ ಕಂಡೂ ಕಾಣದಂತಿರಬೇಕು. ಹಗಲಿನಲ್ಲಿ ಕೆಂಪು ಕಂಡರೆ ಆಗಲೇ ಹೆಚ್ಚಾಗಿದೆ.

ಡಿಸ್‌ಪ್ಲೇಯ ಎಡಭಾಗ ಪ್ರಕಾಶವಾಗಿದೆ, ಬಲಕ್ಕೆ ಹೋದಂತೆ ಮಬ್ಬು. ಏಕೆ?

ಫಿಲಮೆಂಟಿಗೆ ಡಿಸಿ ಕೊಟ್ಟಿದ್ದೀರಿ. ಫಿಲಮೆಂಟೇ ಕ್ಯಾಥೋಡ್ ಆದ್ದರಿಂದ, ಆನೋಡಿನ ವೋಲ್ಟೇಜನ್ನು ತಂತಿಯ ಆಯಾ ಜಾಗದಿಂದ ಲೆಕ್ಕ ಹಾಕಬೇಕು. ಐವಿ-18ಕ್ಕೆ 5 ವೋಲ್ಟ್ ಡಿಸಿ, ಆನೋಡಿಗೆ 50 ವೋಲ್ಟ್ ಎಂದುಕೊಳ್ಳಿ. ಮೈನಸ್ ತುದಿಯ ಅಂಕಿಗೆ 50 ವೋಲ್ಟ್ ಸಿಗುತ್ತದೆ, ಪ್ಲಸ್ ತುದಿಯ ಅಂಕಿಗೆ 45 ಮಾತ್ರ. ಬೆಳಕು ಸುಮಾರಾಗಿ ವೋಲ್ಟೇಜಿನ 2.5ನೇ ಘಾತದಂತೆ ಏರಿಳಿಯುತ್ತದೆ. ಅಂದರೆ ಪ್ಲಸ್ ತುದಿಯಲ್ಲಿ ಶೇಕಡಾ 23ರಷ್ಟು ಕಡಿಮೆ. ಆನೋಡಿಗೆ 30 ವೋಲ್ಟ್ ಮಾತ್ರ ಇದ್ದರೆ ವ್ಯತ್ಯಾಸ ಶೇಕಡಾ 37ಕ್ಕೆ ಹೋಗುತ್ತದೆ, ಯಾರ ಕಣ್ಣಿಗಾದರೂ ಬೀಳುತ್ತದೆ.

ಪರಿಹಾರ, ಫಿಲಮೆಂಟಿಗೆ ಎಸಿ ಕೊಡುವುದು. ನಡುವೆ ಟ್ಯಾಪ್ ಇರುವ ಟ್ರಾನ್ಸ್‌ಫಾರ್ಮರ್ ಇದ್ದರೆ ಸರಿ. ಇಲ್ಲವಾದರೆ ಎಚ್-ಬ್ರಿಡ್ಜಿನಿಂದ (ಡಿಸಿಯ ದಿಕ್ಕನ್ನು ಅದಲುಬದಲು ಮಾಡುವ ಸರ್ಕ್ಯೂಟು) 20 ಕಿಲೋಹರ್ಟ್ಸ್ ಮೇಲಿನ ಚೌಕ ಅಲೆ. 50 ಹರ್ಟ್ಸ್ ಎಸಿ ಬಳಸುವುದಾದರೆ ಅಂಕಿಗಳನ್ನು ಸರದಿಯಲ್ಲಿ ಬೆಳಗಿಸುವ ಸುತ್ತಿನ ವೇಗ (ಇದರ ವಿವರ ಮುಂದಿದೆ) 100 ಹರ್ಟ್ಸ್‌ಗೆ ತೀರಾ ಹತ್ತಿರ ಇರದಂತೆ ನೋಡಿ. ಇದ್ದರೆ ಬೆಳಕು ಉಸಿರಾಡಿದಂತೆ ನಿಧಾನವಾಗಿ ಏರಿಳಿಯುತ್ತದೆ. ಐವಿ-6, ಐವಿ-11ರಂಥ ಒಂಟಿ ಅಂಕಿಗೆ ಡಿಸಿಯೇ ಸಾಕು. ಒಂದೂವರೆ ವೋಲ್ಟಿನ ವ್ಯತ್ಯಾಸ ಗಮನಕ್ಕೆ ಬರುವುದಿಲ್ಲ.

ಆಫ್ ಮಾಡಿದ ಅಂಕಿಯೂ ಮಂದವಾಗಿ ಕಾಣುತ್ತಿದೆ. ಗ್ರಿಡ್ಡಿನಲ್ಲಿ ಸೊನ್ನೆ ವೋಲ್ಟ್ ಇದೆಯಲ್ಲ?

ಸೊನ್ನೆ ಸಾಲದು. ಗ್ರಿಡ್ ಮುಚ್ಚಬೇಕಾದರೆ ಅದು ಕ್ಯಾಥೋಡಿಗಿಂತ ಕೆಳಗಿರಬೇಕು. ಎಸಿ ಕೊಟ್ಟಾಗ ತಂತಿಯ ತುದಿ ಒಮ್ಮೆ ನಡುವಿನ ಟ್ಯಾಪಿಗಿಂತ ಮೇಲೆ, ಒಮ್ಮೆ ಕೆಳಗೆ ಹೋಗುತ್ತದೆ. 5 ವೋಲ್ಟ್ ಎಸಿಯ ಶಿಖರ ಸುಮಾರು 7 ವೋಲ್ಟ್. ಅದರಲ್ಲಿ ಅರ್ಧ, ಅಂದರೆ 3.5 ವೋಲ್ಟಿನಷ್ಟು ತುದಿ ಕೆಳಗಿಳಿಯುತ್ತದೆ. ಆ ಕ್ಷಣದಲ್ಲಿ ಸೊನ್ನೆಯಲ್ಲಿರುವ ಗ್ರಿಡ್ ತಂತಿಗಿಂತ 3.5 ವೋಲ್ಟ್ ಪ್ಲಸ್ ಆಗಿಬಿಟ್ಟಿತು. ಎಲೆಕ್ಟ್ರಾನು ದಾಟದೆ ಇನ್ನೇನು!

ನಡುವಿನ ಟ್ಯಾಪಿಗೂ ಗ್ರೌಂಡಿಗೂ ನಡುವೆ ಒಂದು 5.6 ವೋಲ್ಟ್ ಝೀನರ್ (ನಿಗದಿತ ವೋಲ್ಟೇಜನ್ನು ಹಿಡಿದಿಡುವ ಡಯೋಡ್) ಹಾಕಿ, ಝೀನರಿನ ಮೈಮೇಲಿನ ಕ್ಯಾಥೋಡ್ ಗೆರೆ ಟ್ಯಾಪಿನ ಕಡೆಗೆ. ಟ್ಯೂಬಿನ ಕರೆಂಟು ಅದರ ಮೂಲಕವೇ ಗ್ರೌಂಡಿಗೆ ಬರುವುದರಿಂದ ಫಿಲಮೆಂಟ್ ಇಡಿಯಾಗಿ 5.6 ವೋಲ್ಟ್ ಮೇಲಕ್ಕೇರುತ್ತದೆ. ಈಗ ಸೊನ್ನೆಯಲ್ಲಿರುವ ಗ್ರಿಡ್ ಯಾವ ಕ್ಷಣದಲ್ಲೂ ತಂತಿಗಿಂತ ಕನಿಷ್ಠ 2 ವೋಲ್ಟ್ ಕೆಳಗೇ ಇರುತ್ತದೆ. ಇನ್ನೂ ಮಿಣುಕಿದರೆ 6.8 ವೋಲ್ಟಿನದು ಹಾಕಿ. ಬೆಳಕಿಗೆ ಸಿಗುವ ವೋಲ್ಟೇಜು ಅಷ್ಟು ಕಡಿಮೆಯಾಗುತ್ತದೆ, ಅದನ್ನು ಮುಖ್ಯ ಸಪ್ಲೈಗೆ ಸೇರಿಸಿಕೊಳ್ಳಿ.

ಎಂಟೊಂಬತ್ತು ಅಂಕಿ, ಆದರೆ ಕಾಲುಗಳು ಇಪ್ಪತ್ತರ ಆಸುಪಾಸು. ಅಷ್ಟರಲ್ಲೇ ಹೇಗೆ ಸಾಧ್ಯ?

ಎಲ್ಲ ಅಂಕಿಗಳ ಒಂದೇ ಸ್ಥಾನದ ಗೆರೆಗಳನ್ನು ಒಳಗೇ ಕೂಡಿಸಿರುತ್ತಾರೆ. ಐವಿ-18ರಲ್ಲಿ 8 ಗೆರೆಗಳಿಗೆ 8 ಆನೋಡ್ ಕಾಲು, 9 ಸ್ಥಾನಗಳಿಗೆ 9 ಗ್ರಿಡ್ ಕಾಲು. ಒಂದು ಸಲಕ್ಕೆ ಒಂದೇ ಗ್ರಿಡ್ ಆನ್. ಒಂದೊಂದಕ್ಕೂ 1 ಮಿಲಿಸೆಕೆಂಡ್ ಕೊಟ್ಟರೆ ಒಂದು ಸುತ್ತಿಗೆ 9 ಮಿಲಿಸೆಕೆಂಡ್, ಸೆಕೆಂಡಿಗೆ 111 ಸುತ್ತು. ಕಣ್ಣಿಗೆ ಎಲ್ಲವೂ ಒಟ್ಟಿಗೆ ಉರಿದಂತೆ.

ಪ್ರತಿ ಅಂಕಿ ಒಂಬತ್ತರಲ್ಲಿ ಒಂದು ಪಾಲು ಸಮಯ ಮಾತ್ರ ಬೆಳಗುವುದರಿಂದ ವೋಲ್ಟೇಜು ಏರಿಸಬೇಕಾಗುತ್ತದೆ. ವೋಲ್ಟೇಜು ಎರಡರಷ್ಟಾದರೆ ಬೆಳಕು ಐದೂವರೆ ಪಟ್ಟು ಆಗುತ್ತದೆ. ಒಂಟಿ ಅಂಕಿಗೆ 25 ವೋಲ್ಟ್ ಸಾಲುವಲ್ಲಿ ಐವಿ-18ಕ್ಕೆ 50 ಎಂದು ಬರೆದಿರುವುದು ಅದಕ್ಕೇ.

ಪಕ್ಕದ ಅಂಕಿಯ ನೆರಳು ಇದರಲ್ಲಿ ಬೀಳುತ್ತಿದೆ. ಟ್ಯೂಬಿನ ದೋಷವೇ?

ಅಲ್ಲ, ಗ್ರಿಡ್ಡುಗಳನ್ನು ಸರದಿಯಲ್ಲಿ ಆನ್ ಮಾಡುವ ಪ್ರೋಗ್ರಾಮಿನದು. ಹಿಂದಿನ ಗ್ರಿಡ್ ಪೂರ್ತಿ ಮುಚ್ಚುವ ಮೊದಲೇ ಗೆರೆಗಳನ್ನು ಬದಲಿಸಿದ್ದೀರಿ. ಕ್ರಮ ಹೀಗಿರಲಿ: ಗ್ರಿಡ್ ಆಫ್ ಮಾಡಿ, 30 ಮೈಕ್ರೋಸೆಕೆಂಡ್ ಕಾಯಿರಿ, ಹೊಸ ಗೆರೆಗಳನ್ನು ಹಾಕಿ, ಮುಂದಿನ ಗ್ರಿಡ್ ಆನ್ ಮಾಡಿ. ಡ್ರೈವರ್ (ಕಾಲುಗಳಿಗೆ ವೋಲ್ಟೇಜು ಕೊಡುವ ಚಿಪ್) ಮೇಲಕ್ಕೆ ಮಾತ್ರ ಎಳೆಯುವ ಬಗೆಯದಾದರೆ ಪ್ರತಿ ಕಾಲಿಗೂ 47ರಿಂದ 100 ಕಿಲೋಓಮಿನ ರೆಸಿಸ್ಟರನ್ನು ಗ್ರೌಂಡಿಗೆ ಹಾಕಲೇಬೇಕು. ಅದಿಲ್ಲದಿದ್ದರೆ ಚಾರ್ಜು ಅಲ್ಲೇ ನಿಂತು ನೆರಳು ಹೋಗುವುದೇ ಇಲ್ಲ.

ಹಳೆಯ ಯಂತ್ರದ ಡಿಸ್‌ಪ್ಲೇ ಮಬ್ಬಾಗಿದೆ. ಎಲ್ಲಿಂದ ಹುಡುಕಬೇಕು?

ಮೊದಲು ಮಬ್ಬು ಯಾವ ಬಗೆಯದು ಎಂದು ನೋಡಿ. ರೋಗದ ಹೆಸರು ಅಲ್ಲೇ ಬರೆದಿರುತ್ತದೆ.

ಎಲ್ಲ ಗೆರೆಗಳೂ ಸಮನಾಗಿ ಮಬ್ಬು, ಅದರಲ್ಲೂ ಆನ್ ಮಾಡಿದಾಗ ತೀರಾ ಮಂದವಿದ್ದು ಹತ್ತು ನಿಮಿಷದಲ್ಲಿ ಸುಧಾರಿಸುತ್ತದೆ ಎಂದರೆ ಪವರ್ ಸಪ್ಲೈನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿದೆ. ಇದೇ ಎಲ್ಲಕ್ಕಿಂತ ಸಾಮಾನ್ಯ ದೋಷ. ಡಿಸ್‌ಪ್ಲೇಯ ವೋಲ್ಟೇಜು ಬರುವ ದಾರಿಯಲ್ಲಿ 47 ಅಥವಾ 100 ಮೈಕ್ರೋಫ್ಯಾರಡ್, 50 ವೋಲ್ಟಿನ ಒಂದು ಕೆಪಾಸಿಟರ್ ಇರುತ್ತದೆ. ಅದೇ ಬೆಲೆಯ, 105 ಡಿಗ್ರಿ ಎಂದು ಬರೆದಿರುವ ಹೊಸದನ್ನು ಹಾಕಿ. ತಲೆ ಉಬ್ಬಿಲ್ಲ ಎಂದು ಬಿಟ್ಟುಬಿಡಬೇಡಿ. ಚಿಕ್ಕ ಕೆಪಾಸಿಟರುಗಳು ಹೊರಗೆ ಏನೂ ತೋರಿಸದೆ ಒಣಗುತ್ತವೆ.

ಡಿಸ್‌ಪ್ಲೇ ಪೂರ್ತಿ ಕತ್ತಲು, ಯಂತ್ರ ಮಾತ್ರ ಓಡುತ್ತಿದೆ: ಫಿಲಮೆಂಟಿನ ದಾರಿ ನೋಡಿ. ಅಲ್ಲಿ ಒಂದೆರಡು ಓಮಿನ ಫ್ಯೂಸಿಬಲ್ ರೆಸಿಸ್ಟರ್ (ಫ್ಯೂಸಿನಂತೆ ಸುಟ್ಟು ಕಾಪಾಡುವ ರೆಸಿಸ್ಟರ್) ಇದ್ದರೆ ಅದು ಸುಟ್ಟಿರಬಹುದು. ಇಲ್ಲವೇ ಡಿಸ್‌ಪ್ಲೇಯ ಕೊನೆಯ ಕಾಲುಗಳ ಬೆಸುಗೆ ಬಿರುಕು ಬಿಟ್ಟಿರಬಹುದು.

ಒಂದು ಅಂಕಿಯಷ್ಟೇ ಇಲ್ಲ: ಅದರ ಗ್ರಿಡ್ಡಿನ ಬೆಸುಗೆ ಅಥವಾ ಡ್ರೈವರ್. ಎಲ್ಲ ಅಂಕಿಗಳಲ್ಲೂ ಒಂದೇ ಗೆರೆ ಇಲ್ಲ: ಆ ಆನೋಡಿನ ಬೆಸುಗೆ ಅಥವಾ ಡ್ರೈವರ್. ಉದ್ದಕ್ಕೆ ಒಂದು ಪಟ್ಟಿಯಷ್ಟು ಕತ್ತಲು: ಪಕ್ಕಪಕ್ಕದಲ್ಲಿರುವ ಫಿಲಮೆಂಟುಗಳಲ್ಲಿ ಒಂದು ತುಂಡಾಗಿದೆ; ಭೂತಗನ್ನಡಿಯಲ್ಲಿ ಕಾಣುತ್ತದೆ.

ಕೆಲವು ಗೆರೆ ಮಾತ್ರ ಮಂದ, ಸದಾ ಉರಿಯುತ್ತಿದ್ದವೇ ಮಂದ: ಫಾಸ್ಫರ್ ಸವೆದಿದೆ. ಗಡಿಯಾರದ ಎರಡು ಚುಕ್ಕಿ, ಹಗಲೂರಾತ್ರಿ ಉರಿಯುವ ಚಿಹ್ನೆಗಳು ಮೊದಲು ಹೋಗುತ್ತವೆ, ಎಂದೋ ಒಮ್ಮೆ ಉರಿದ ಗೆರೆಗಳು ಹೊಸದರಂತಿರುತ್ತವೆ. ವರ್ಷಕ್ಕೆ 8,760 ಗಂಟೆ. ಹತ್ತು ವರ್ಷ ಬಿಡದೆ ಸಮಯ ತೋರಿಸಿದ ವಿಸಿಆರ್ 87,600 ಗಂಟೆ ಉರಿದಿದೆ. ಹೋದ ಫಾಸ್ಫರನ್ನು ಮರಳಿ ತರುವ ಉಪಾಯವಿಲ್ಲ.

ಡಿವಿಡಿ ಪ್ಲೇಯರಿನಲ್ಲಿ ಅಳೆದರೆ ಮೈನಸ್ 24 ವೋಲ್ಟ್ ಬರುತ್ತಿದೆ. ಪ್ಲಸ್ ಬೇಕಲ್ಲವೇ?

ಸರಿಯಾಗಿಯೇ ಇದೆ. ಇಂಥ ಯಂತ್ರಗಳಲ್ಲಿ ಆನೋಡನ್ನು ಮೇಲಕ್ಕೆ ಎತ್ತುವ ಬದಲು ಫಿಲಮೆಂಟನ್ನೇ ಕೆಳಕ್ಕೆ ಇಳಿಸಿರುತ್ತಾರೆ. ಪಿಟಿ6311, ಪಿಟಿ6312ರಂಥ ಚಿಪ್ಪುಗಳು ಪ್ಲಸ್ 5ರಿಂದ ಮೈನಸ್ 24ರವರೆಗೆ ಕಾಲುಗಳನ್ನು ಆಡಿಸುತ್ತವೆ. ಫಿಲಮೆಂಟ್ ಮೈನಸ್ ಇಪ್ಪತ್ತರ ಹತ್ತಿರ ಕೂತಿರುತ್ತದೆ, ಆದ್ದರಿಂದ 5 ವೋಲ್ಟ್ ಸಿಕ್ಕ ಆನೋಡ್ ಅದಕ್ಕೆ ಪ್ಲಸ್ 25ರಂತೆ ಕಾಣುತ್ತದೆ.

ಬೋರ್ಡಿನ ಮೇಲೆ ಎಫ್ ಪ್ಲಸ್, ಎಫ್ ಮೈನಸ್ ಎಂಬ ಗುರುತು ಸಿಕ್ಕರೆ ಅವೆರಡರ ನಡುವೆ ಅಳೆಯಿರಿ. 3ರಿಂದ 4 ವೋಲ್ಟಿನ ಆಸುಪಾಸು ಸಾಮಾನ್ಯ. ಅಲ್ಲಿ ಹತ್ತಾರು ಕಿಲೋಹರ್ಟ್ಸಿನ ಎಸಿ ಇದ್ದರೆ ಅಗ್ಗದ ಮಲ್ಟಿಮೀಟರ್ ಸುಳ್ಳು ಹೇಳುತ್ತದೆ. ಆಗ ದೀಪ ಆರಿಸಿ ತಂತಿಯ ಮಂದ ಕೆಂಪನ್ನು ನೋಡುವುದೇ ನಂಬಿಕೆಯ ದಾರಿ.

ಮುಚ್ಚಳ ತೆಗೆಯುವಾಗ ಎಚ್ಚರ: 230 ವೋಲ್ಟಿನ ಕಡೆಯ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 325 ವೋಲ್ಟ್ ಡಿಸಿ ನಿಂತಿರಬಹುದು. 10 ಕಿಲೋಓಮ್, 5 ವಾಟಿನ ರೆಸಿಸ್ಟರಿಗೆ ಇನ್ಸುಲೇಟ್ ಮಾಡಿದ ವೈರು ಹಾಕಿಕೊಂಡು ಹತ್ತು ಸೆಕೆಂಡ್ ಹಿಡಿದು ಇಳಿಸಿ, ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಬೇಡಿ. ಮೈಕ್ರೋವೇವ್ ಓವನ್ನಿನದು ಬೇರೆಯೇ ಮಾತು: ಅದರ ಹೈವೋಲ್ಟೇಜ್ ಕೆಪಾಸಿಟರ್ ಪ್ರಾಣ ತೆಗೆಯಬಲ್ಲದು. ತಿಳಿದವರ ಹೊರತು ಮುಚ್ಚಳ ತೆಗೆಯಲೇಬೇಡಿ.

ಮಬ್ಬಾದ ಟ್ಯೂಬನ್ನು ಹೆಚ್ಚು ಕಾಯಿಸಿ ಸರಿಮಾಡಬಹುದಂತೆ, ನಿಜವೇ?

ಒಮ್ಮೊಮ್ಮೆ. ದೋಷ ಕ್ಯಾಥೋಡಿನಲ್ಲಿದ್ದರೆ, ಅಂದರೆ ವೋಲ್ಟೇಜುಗಳೆಲ್ಲ ಸರಿಯಿದ್ದೂ ಇಡೀ ಡಿಸ್‌ಪ್ಲೇ ತೇಪೆತೇಪೆಯಾಗಿ ಮಂದವಿದ್ದರೆ, ಪ್ರಯತ್ನಿಸಬಹುದು. ಎಷ್ಟೋ ವರ್ಷ ಡಬ್ಬದಲ್ಲಿ ಬಿದ್ದಿದ್ದ ಟ್ಯೂಬುಗಳಲ್ಲಿ ಇದು ಫಲ ಕೊಟ್ಟೀತು.

ಫಿಲಮೆಂಟಿನ ಕಾಲುಗಳನ್ನು ಬೋರ್ಡಿನಿಂದ ಬಿಡಿಸಿ. ಗ್ರಿಡ್, ಆನೋಡಿಗೆ ಏನೂ ಕೊಡಬೇಡಿ. ನಿಗದಿತ ವೋಲ್ಟೇಜಿನ 1.3 ಪಟ್ಟು ಒಂದೆರಡು ನಿಮಿಷ ಕೊಟ್ಟು, ಮಾಮೂಲಿಗೆ ಇಳಿಸಿ ಬೆಳಗಿಸಿ ನೋಡಿ. ಬದಲಾವಣೆ ಇಲ್ಲದಿದ್ದರೆ 1.5 ಪಟ್ಟು, 30 ಸೆಕೆಂಡ್. ತಂತಿ ಕಿತ್ತಳೆ ಬಣ್ಣಕ್ಕೆ ತಿರುಗಿತೆಂದರೆ ತಕ್ಷಣ ಇಳಿಸಿ. ಅಲ್ಲಿಂದ ಮುಂದೆ ಲೇಪನ ಹಾರಿಹೋಗುತ್ತದೆ, ತಂತಿ ತುಂಡಾಗಲೂಬಹುದು. ಬೇರೆ ದಾರಿಯೇ ಇಲ್ಲದಾಗ ಮಾತ್ರ ಇದಕ್ಕೆ ಕೈ ಹಾಕಿ. ಫಾಸ್ಫರ್ ಸವೆದ ಟ್ಯೂಬಿಗೆ ಇದರಿಂದ ಎಳ್ಳಷ್ಟೂ ಉಪಯೋಗವಿಲ್ಲ.

ಗುಜರಿಯಲ್ಲಿ ಸಿಕ್ಕ ಡಿಸ್‌ಪ್ಲೇಗೆ ನಂಬರೂ ಇಲ್ಲ, ನಕ್ಷೆಯೂ ಇಲ್ಲ. ಪರೀಕ್ಷಿಸುವುದು ಹೇಗೆ?

ಅರ್ಧ ಗಂಟೆಯ ಕೆಲಸ. ಚಪ್ಪಟೆ ಡಿಸ್‌ಪ್ಲೇಗಳಲ್ಲಿ ಫಿಲಮೆಂಟಿನ ಕಾಲುಗಳು ಸಾಮಾನ್ಯವಾಗಿ ಎರಡು ಕೊನೆಗಳಲ್ಲಿರುತ್ತವೆ. ಅವುಗಳ ನಡುವೆ ಮೀಟರಿನಲ್ಲಿ ಕೆಲವು ಓಮಿನಿಂದ ಕೆಲವು ಹತ್ತು ಓಮ್ ತೋರಿಸಬೇಕು. ತಣ್ಣಗಿನ ಟಂಗ್‌ಸ್ಟನ್ನಿನ ರೆಸಿಸ್ಟೆನ್ಸ್ ಕಾದಾಗಿನದರ ಸುಮಾರು ಕಾಲುಭಾಗ ಮಾತ್ರ: ಐವಿ-18 ಉರಿಯುವಾಗ 59 ಓಮ್, ತಣ್ಣಗಿದ್ದಾಗ 15ರ ಹತ್ತಿರ. ಕಡಿಮೆ ತೋರಿಸಿತೆಂದು ಶಾರ್ಟ್ ಎಂದುಕೊಳ್ಳಬೇಡಿ. ಉಳಿದ ಯಾವ ಕಾಲೂ ಫಿಲಮೆಂಟಿಗೆ ತಾಗಿರಬಾರದು.

ಫಿಲಮೆಂಟಿಗೆ ಅರ್ಧ ವೋಲ್ಟಿನಿಂದ ಶುರುಮಾಡಿ, ಕತ್ತಲಲ್ಲಿ ನೋಡುತ್ತ ನಿಧಾನ ಏರಿಸಿ. ಕೆಂಪು ಕಾಣಿಸಿದ ಕೂಡಲೇ ಅದರಿಂದ ಶೇಕಡಾ 10ರಿಂದ 20 ಇಳಿಸಿ ಅಲ್ಲೇ ಬಿಡಿ. ಈಗ ಎರಡು 9 ವೋಲ್ಟ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ. ಮೈನಸ್ ತುದಿ ಫಿಲಮೆಂಟಿನ ಮೈನಸಿಗೆ. ಪ್ಲಸ್ ತುದಿಗೆ 1 ಕಿಲೋಓಮಿನ ರೆಸಿಸ್ಟರುಗಳನ್ನು ಹಾಕಿ, ಮೊದಲು ಉಳಿದ ಕಾಲುಗಳಿಗೆಲ್ಲ ಒಟ್ಟಿಗೆ ಕೊಡಿ. ಟ್ಯೂಬ್ ಜೀವಂತವಿದ್ದರೆ ಎಲ್ಲವೂ ಒಮ್ಮೆಲೇ ಬೆಳಗುತ್ತದೆ. ಆಮೇಲೆ ಒಂದೊಂದೇ ಕಾಲನ್ನು ಬಿಡಿಸಿ ಫಿಲಮೆಂಟಿನ ಮೈನಸಿಗೆ ಮುಟ್ಟಿಸಿ: ಇಡೀ ಅಂಕಿ ಆರಿದರೆ ಅದು ಗ್ರಿಡ್, ಎಲ್ಲ ಅಂಕಿಗಳಲ್ಲಿ ಒಂದೇ ಗೆರೆ ಆರಿದರೆ ಅದು ಆನೋಡ್. ಕಾಗದದಲ್ಲಿ ಬರೆದುಕೊಳ್ಳುತ್ತ ಹೋಗಿ, ನಕ್ಷೆ ನಿಮ್ಮದೇ.

ಐವಿ-11 ಇದ್ದರೆ ಫಿಲಮೆಂಟಿಗೆ ಒಂದು ಪೆನ್ಸಿಲ್ ಸೆಲ್ ನೇರವಾಗಿ ಸಾಕು. ಐವಿ-6ಕ್ಕೆ ಅದೇ ಸೆಲ್ಲಿನ ಸಾಲಿನಲ್ಲಿ 10 ಓಮಿನ ರೆಸಿಸ್ಟರ್. ಅರ್ಧ ವೋಲ್ಟ್ ಅಲ್ಲಿ ಇಳಿದು 1 ವೋಲ್ಟ್ ಉಳಿಯುತ್ತದೆ.

ಗಡಿಯಾರ ಕಟ್ಟಲು ಯಾವ ಚಿಪ್, ಯಾವ ಸಪ್ಲೈ?

ಯುಎಲ್‌ಎನ್2003 ತರಬೇಡಿ. ಅದು ಗ್ರೌಂಡಿಗೆ ಎಳೆಯುವ ಚಿಪ್, ಇಲ್ಲಿ ಮೇಲಕ್ಕೆ ಎತ್ತುವುದು ಬೇಕು. ಯುಡಿಎನ್2981 ಅಥವಾ ಟಿಡಿ62783 ಎಂಟು ಕಾಲುಗಳನ್ನು ನೋಡಿಕೊಳ್ಳುತ್ತವೆ, ಕೆಳಗೆಳೆಯುವ ರೆಸಿಸ್ಟರುಗಳನ್ನು ನೀವು ಹಾಕಬೇಕು. ಐವಿ-18ಕ್ಕೆ ಮ್ಯಾಕ್ಸ್6921 ಹೇಳಿಮಾಡಿಸಿದಂತಿದೆ: 20 ಔಟ್‌ಪುಟ್, 76 ವೋಲ್ಟಿನವರೆಗೆ ತಡೆಯುತ್ತದೆ, ಮೈಕ್ರೋಕಂಟ್ರೋಲರಿನಿಂದ (ಪ್ರೋಗ್ರಾಮ್ ಓಡಿಸುವ ಚಿಪ್) ಮೂರ್ನಾಲ್ಕು ವೈರು ಸಾಕು.

ವೋಲ್ಟೇಜು ಏರಿಸಲು ಎಂಟಿ3608 ಮಾಡ್ಯೂಲ್ ಅಗ್ಗ, 28 ವೋಲ್ಟಿಗೆ ನಿಲ್ಲುತ್ತದೆ. ಐವಿ-6, ಐವಿ-11ಕ್ಕೆ ಅಷ್ಟು ಸಾಕು. ಟ್ಯೂಬ್ ಜೋಡಿಸುವ ಮೊದಲೇ ಮೀಟರ್ ಹಿಡಿದು 25ಕ್ಕೆ ಕೂರಿಸಿಕೊಳ್ಳಿ. ಹೊಸ ಮಾಡ್ಯೂಲಿನ ತಿರುಪನ್ನು ಎಡಕ್ಕೆ ಹತ್ತಾರು ಸುತ್ತು ತಿರುಗಿಸುವವರೆಗೂ ಏನೂ ಬದಲಾಗದಿರಬಹುದು, ಕೆಟ್ಟಿದೆ ಎಂದು ಬಿಸಾಡಬೇಡಿ. ಎಂಸಿ34063 ಒಂದೇ ಇದ್ದರೆ ಮಿತಿ 40 ವೋಲ್ಟ್. 50 ಬೇಕಾದರೆ ಹೊರಗಿನ ಟ್ರಾನ್ಸಿಸ್ಟರ್ ಸೇರಿಸಬೇಕು. ಐವಿ-18 35 ವೋಲ್ಟಿನಲ್ಲೂ ಓಡುತ್ತದೆ. ಮಲಗುವ ಕೋಣೆಗೆ ಆ ಬೆಳಕೇ ಹಿತ.

ಬೆಸುಗೆ ಹಾಕುವಾಗ ಏನು ಜಾಗ್ರತೆ?

ಕಾಲು ಗಾಜನ್ನು ದಾಟುವ ಜಾಗವೇ ನಿರ್ವಾತದ ಬಾಗಿಲು. ಗಾಜಿನಿಂದ 3 ಮಿಲಿಮೀಟರಿನೊಳಗೆ ಬಗ್ಗಿಸಬೇಡಿ. ಬಗ್ಗಿಸುವಾಗ ಗಾಜಿನ ಬದಿಯನ್ನು ಚಿಮಟದಿಂದ ಹಿಡಿದುಕೊಳ್ಳಿ. ಒಂದು ಕಾಲಿಗೆ ಮೂರು ಸೆಕೆಂಡಿಗಿಂತ ಹೆಚ್ಚು ಬಿಸಿ ಬೇಡ. ಹಿಂದೆ ಮೊನಚಾದ ಗಾಜಿನ ಮೊಳಕೆಯಿದ್ದರೆ ಅದು ಗಾಳಿ ಎಳೆದ ಬಾಯಿ. ಅದು ಮುರಿದರೆ ಟ್ಯೂಬ್ ಮುಗಿಯಿತು.

ಒಡೆದರೆ ವಿಷವೇ?

ನೀಲಿಹಸಿರು ಟ್ಯೂಬಿನಲ್ಲಿರುವುದು ಮುಖ್ಯವಾಗಿ ಜಿಂಕ್ ಆಕ್ಸೈಡ್. ಕೆಂಪು, ಕಿತ್ತಳೆ ಗೆರೆಗಳಿರುವ ಹಳೆಯ ಡಿಸ್‌ಪ್ಲೇಗಳಲ್ಲಿ ಕ್ಯಾಡ್ಮಿಯಂ ಇರುವ ಫಾಸ್ಫರ್ ಇರಬಹುದು. ಕೈಗವಸು ಹಾಕಿ, ಒದ್ದೆ ಕಾಗದದಲ್ಲಿ ಒರೆಸಿ ತೆಗೆಯಿರಿ, ಪೊರಕೆಯಿಂದ ಧೂಳೆಬ್ಬಿಸಬೇಡಿ.

ಫೋಟೋದಲ್ಲಿ ಅರ್ಧ ಅಂಕಿಗಳೇ ಬರುವುದಿಲ್ಲ!

ಕ್ಯಾಮೆರಾದ ಶಟರ್ ಒಂದು ಸುತ್ತು ಮುಗಿಯುವ ಮೊದಲೇ ಮುಚ್ಚುತ್ತಿದೆ. 1/30 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನ ಇಡಿ.

ಅಯಸ್ಕಾಂತ ಹತ್ತಿರ ತಂದರೆ ಬೆಳಕು ಸರಿಯುತ್ತದೆ. ಕೆಡುತ್ತದೆಯೇ?

ಸ್ವಲ್ಪ ಹೊತ್ತು ಹಿಡಿದರೆ ಏನೂ ಆಗದು. 25 ವೋಲ್ಟಿನ ಎಲೆಕ್ಟ್ರಾನು ನಿಧಾನದ್ದು, 10 ಮಿಲಿಟೆಸ್ಲಾದ ಸಾಧಾರಣ ಅಯಸ್ಕಾಂತವೂ ಅದನ್ನು 2 ಮಿಲಿಮೀಟರಿಗಿಂತ ಕಡಿಮೆ ತ್ರಿಜ್ಯದ ವೃತ್ತದಲ್ಲಿ ಬಾಗಿಸುತ್ತದೆ. ಶಾಲೆಯ ಮಕ್ಕಳಿಗೆ ಎಲೆಕ್ಟ್ರಾನಿನ ಚಲನೆಯನ್ನು ಕಣ್ಣಾರೆ ತೋರಿಸಲು ಇದಕ್ಕಿಂತ ಸುಲಭದ, ಅಪಾಯವಿಲ್ಲದ ಪ್ರಯೋಗ ಸಿಗುವುದು ಕಷ್ಟ. ಬ್ಯಾಟರಿಯಿಂದ ನಡೆಸಿದರೆ ಸಾಕು.

ಬೇಕಾದ ಡಿಸ್‌ಪ್ಲೇ ಎಲ್ಲಿ ಸಿಗುತ್ತದೆ?

ರಿಪೇರಿಗಾದರೆ ಅದೇ ಮಾಡೆಲಿನ ಕೆಟ್ಟ ಯಂತ್ರವೊಂದೇ ದಾರಿ, ಏಕೆಂದರೆ ಚಿಹ್ನೆಗಳು, ಕಾಲಿನ ಕ್ರಮ ಆಯಾ ಮಾಡೆಲಿಗೇ ಮಾಡಿಸಿದವು. ಬೆಂಗಳೂರಿನವರು ಚಿಪ್ಪು, ಕೆಪಾಸಿಟರುಗಳಿಗೆ ಎಸ್.ಪಿ. ರಸ್ತೆಗೆ, ಹಳೆಯ ಡೆಕ್, ಪ್ಲೇಯರುಗಳಿಗೆ ಸಂಡೇ ಬಜಾರಿಗೆ ಹೋಗಿ ನೋಡಬಹುದು.

ಬರೀ ಆ ಬೆಳಕಿನ ಆಸೆಯಿದ್ದು ಇಷ್ಟೆಲ್ಲ ಸರ್ಕ್ಯೂಟು ಕಟ್ಟುವ ತಾಳ್ಮೆ ಇಲ್ಲವೆಂದರೆ, ಅಂಗಡಿಗಳಲ್ಲಿ ಗ್ರಾಹಕರಿಗೆ ಮೊತ್ತ ತೋರಿಸುವ ಕಂಬದ ಡಿಸ್‌ಪ್ಲೇ ಹುಡುಕಿ: 20 ಅಕ್ಷರ, 2 ಸಾಲು. ಫಿಲಮೆಂಟಿನ ಎಸಿ, ಹೆಚ್ಚಿನ ವೋಲ್ಟೇಜು, ಡ್ರೈವರ್ ಎಲ್ಲ ಒಳಗೇ ಇರುತ್ತವೆ. ಸೀರಿಯಲ್ ಬಗೆಯದಾದರೆ ಬಹುತೇಕ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಆರ್‌ಎಸ್-232 ಎಂಬ ಹಳೆಯ ಕಂಪ್ಯೂಟರ್ ಪೋರ್ಟಿನ ಪದ್ಧತಿಯಲ್ಲಿ ಮಾತಾಡುತ್ತದೆ. ಮೈಕ್ರೋಕಂಟ್ರೋಲರಿಗೆ ನೇರ ಜೋಡಿಸಬೇಡಿ, ಆರ್‌ಎಸ್-232ರ ವೋಲ್ಟೇಜು ಅದನ್ನು ಸುಡುತ್ತದೆ. ನಡುವೆ ವೋಲ್ಟೇಜು ಹೊಂದಿಸುವ ಒಂದು ಮ್ಯಾಕ್ಸ್3232 ಮಾಡ್ಯೂಲ್ ಇರಲಿ.